ಕೊನೆ ಭಾಗದ ಗದ್ದೆ

ತಮ್ಮಾ, ಮೈಸೂರಿನಲ್ಲಿ ಬಿ.ಇಡಿ. ಸೀಟು ಸಿಕ್ಕಿತು ಅಂತ ನಿಮ್ಮವ್ವ ಪೇಢೆ ಕೊಟ್ಟು ಹೋದಳು. ಅದೂ ಯಾದವಗಿರಿಯ ರಾಮಕೃಷ್ಣ ನೈತಿಕ ಮತ್ತು ಆಧ್ಯಾತ್ಮಿಕ ಶಿಕ್ಷಣ ಸಂಸ್ಥೆಯಲ್ಲಿ. ಬಳಗಾನೂರಿನಿಂದ ಅಷ್ಟು ದೂರ ಹೊರಟವನಿಗೆ ರೊಟ್ಟಿಯ ಬುತ್ತಿ ಕಟ್ಟುವವರು ಬೇರೆ ಇದ್ದಾರೆ. ನನ್ನ ಹತ್ತಿರ ಇರುವುದು ನಾಲ್ಕು ಮಾತು, ಅಷ್ಟೇ.

ಆ ಸಂಸ್ಥೆ ಮೈಸೂರಿನ ರಾಮಕೃಷ್ಣ ಆಶ್ರಮದ ಸ್ವಾಮಿ ಶಾಂಭವಾನಂದರು ಕಂಡ ಕನಸು, 1974ರಲ್ಲಿ ಶುರುವಾಯಿತು. ಮಕ್ಕಳಿಗೆ ನೀತಿ ಬರಬೇಕಾದರೆ ಮೊದಲು ಮಾಸ್ತರಿಗೆ ಬರಬೇಕು ಎಂಬ ಲೆಕ್ಕ. ಪದವಿ ಮೈಸೂರು ವಿಶ್ವವಿದ್ಯಾಲಯದ್ದು, ಊಟ, ನಿದ್ದೆ, ಪ್ರಾರ್ಥನೆ ಆಶ್ರಮದ್ದು. ಒಂದು ಕಡೆ ಪ್ರಶ್ನೆ ಕೇಳು ಅನ್ನುತ್ತಾರೆ, ಇನ್ನೊಂದು ಕಡೆ ಮೊದಲು ಸುಮ್ಮನೆ ಕೂಡು ಅನ್ನುತ್ತಾರೆ. ಎರಡನ್ನೂ ಕೇಳು. ಆದರೆ ಊರಿಗೆ ಬಂದು ನಮಗೆ ಪ್ರವಚನ ಕೊಡಬೇಡ. ಅದಕ್ಕೆ ಇಲ್ಲಿ ಜನ ಕಡಿಮೆ ಇಲ್ಲ.

ಯಾರಿಗೂ ಹೇಳದ ಒಂದು ಸಂಗತಿ ಹೇಳುತ್ತೇನೆ. ನನಗಾಗ ಇಪ್ಪತ್ತೆಂಟು. ಬೇಸಿಗೆ ಬೆಳೆ, ಎಡದಂಡೆ ಕಾಲುವೆಯಲ್ಲಿ ನೀರು ಇಳಿದಿತ್ತು. ನೀರಿನ ಪಾಳಿ ನಮ್ಮದಲ್ಲ. ನಡುರಾತ್ರಿ ಹೋಗಿ ನಮ್ಮ ತೂಬಿಗೆ ಅಡ್ಡವಿಟ್ಟಿದ್ದ ಕಲ್ಲು, ಗೋಣಿಚೀಲ ಕಿತ್ತೆಸೆದು ಬಂದೆ. ಬೆಳಿಗ್ಗೆ ವಿಭೂತಿ ಹಚ್ಚಿ ಇಷ್ಟಲಿಂಗ ಪೂಜೆಗೆ ಕೂತೆ. ಒಂದು ಮಂತ್ರವೂ ತಪ್ಪಲಿಲ್ಲ. ಈಗಲೂ ನನಗೆ ಹೆದರಿಕೆ ಹುಟ್ಟಿಸುವುದು ಅದೇ.

ವಾರ ಕಳೆದು ಕೆಳಗೆ, ಕಾಲುವೆಯ ಕೊನೆ ಭಾಗದ ಗದ್ದೆಯ ಕಡೆ ಹೋದೆ. ಭತ್ತದ ಎಲೆ ಬೀಡಿಯ ಹಾಗೆ ಸುತ್ತಿಕೊಂಡಿತ್ತು. ಮಡಿಯ ಬಿರುಕಿಗೆ ಕಿರುಬೆರಳು ಇಟ್ಟರೆ ಪೂರ್ತಿ ಇಳಿಯಿತು. ಆ ರೈತ ನಮ್ಮ ಜಾತಿಯವನಲ್ಲ, ನಮ್ಮ ದೇವರೂ ಅವನದಲ್ಲ. ನನ್ನನ್ನು ನೋಡಿ ‘ಬರ್ರಿ ಗೌಡ್ರ, ಚಾ ಕುಡೀರಿ’ ಅಂದ. ನೀರಿನ ಮಾತೇ ಎತ್ತಲಿಲ್ಲ. ಗೊತ್ತಿರಲಿಲ್ಲ ಅಂತ ನಾನು ನಂಬುವುದಿಲ್ಲ.

ಮೈಸೂರಿನಲ್ಲಿ ನೀತಿಯ ಪಾಠ ನಡೆದಾಗಲೆಲ್ಲ ಈ ಗದ್ದೆಯನ್ನು ಅದರ ಮುಂದೆ ಇಡು. ನಮ್ಮ ದೇವರಿಗೆ ಕೈಮುಗಿಯದವನ ಮಡಿಗೂ ಆ ಪಾಠದಿಂದ ನೀರು ಹೋಗುತ್ತದೋ? ಮಾಸ್ತರರನ್ನೇ ಕೇಳು, ಸಂಕೋಚಪಡಬೇಡ. ಮೈಸೂರಿನ ಆಶ್ರಮದ ನೆರಳಲ್ಲಿ ಇದ್ದು ಓದಿದ ಕುವೆಂಪು ಕಡೆಗೆ ವಿಶ್ವಮಾನವನ ಮಾತು ಆಡಿದವರು, ಹಾಗಾಗಿ ಈ ಪ್ರಶ್ನೆ ಆ ಅಂಗಳಕ್ಕೆ ಹೊಸದೇನಲ್ಲ.

ನಮ್ಮ ಮಗ್ಗುಲಿಗೂ ಹೊಸದಲ್ಲ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಮಸ್ಕಿಯ ಬಂಡೆಯ ಬರಹ ಪತ್ತೆಹಚ್ಚಿದ. ಅದರಲ್ಲಿ ಅಶೋಕನ ಹೆಸರೇ ಇದೆ ಅಂತ ಪಠ್ಯಪುಸ್ತಕದವರಿಗೆ ಸಂಭ್ರಮ. ನನಗೆ ಹಿಡಿಸಿದ್ದು ಬೇರೆ. ತಾನು ಬುದ್ಧನ ಕಡೆಯವನು ಎಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡ ಆ ದೊರೆ, ಧರ್ಮದಿಂದ ಬರುವ ಏಳಿಗೆ ದೊಡ್ಡವರ ಸೊತ್ತಲ್ಲ, ಸಣ್ಣವನಿಗೂ ದಕ್ಕುತ್ತದೆ, ಇಬ್ಬರಿಗೂ ತಿಳಿಸಿ ಎಂದು ಕೊರೆಸಿದ. ಹೊಲದ ಕೆಲಸ ಬಿಟ್ಟು ಒಂದು ದಿನವೂ ಅದನ್ನು ನೋಡಲು ಹೋಗದ ನಾನು, ಅರವತ್ತು ದಾಟಿದ ಮೇಲೆ ಹೋದೆ. ನೀನು ಹಾಗೆ ಮಾಡಬೇಡ.

ಸೋಮವಾರ ಬಸ್ಸು ಹತ್ತುವ ಮುಂಚೆ ಕೊನೆ ಭಾಗದ ಮನೆಗೂ ಹೋಗಿ ಹೇಳಿ ಬಾ. ಆ ರೈತ ಈಗ ಇಲ್ಲ, ಮಗ ಇದ್ದಾನೆ. ಚಾ ಕೊಟ್ಟರೆ ಒಲ್ಲೆ ಅನ್ನಬೇಡ.