ಮನೆಯಲ್ಲಿ ಔಷಧಿ ಕೊಡುವ ಸರಿಯಾದ ಕ್ರಮ

ವೈದ್ಯರು ರೋಗಿಯನ್ನು ಪರೀಕ್ಷಿಸಿ ಔಷಧಿ ಬರೆದುಕೊಟ್ಟ ಮಾತ್ರಕ್ಕೆ ಚಿಕಿತ್ಸೆ ಮುಗಿಯುವುದಿಲ್ಲ. ಯಶವಂತನಗರದ ತಾಯಿಯೊಬ್ಬಳು ಜ್ವರ ಬಂದ ಮಗುವನ್ನು ಆಸ್ಪತ್ರೆಗೆ ತೋರಿಸಿ ಮರಳಲು ಅರ್ಧ ದಿನ ಸಾಕು. ಆದರೆ ಆ ಮಗುವಿಗೆ ಔಷಧಿ ಕುಡಿಸುವ ಕೆಲಸವು ಮುಂದಿನ ಐದಾರು ದಿನ ಮನೆಯಲ್ಲಿಯೇ ನಡೆಯತಕ್ಕದ್ದು. ಆಸ್ಪತ್ರೆಯಲ್ಲಿ ಈ ಕೆಲಸಕ್ಕೆ ತರಬೇತಿ ಪಡೆದ ಶುಶ್ರೂಷಕಿಯರಿದ್ದಾರೆ. ಮನೆಯಲ್ಲಿ ಆ ಸ್ಥಾನ ದಂಪತಿಗಳಾದ ನಿಮ್ಮಿಬ್ಬರದು.

ಔಷಧಿಗೂ ವಿಷಕ್ಕೂ ಇರುವ ಅಂತರವು ಬಹುಮಟ್ಟಿಗೆ ಅಳತೆಯ ಅಂತರವೇ ಆಗಿದೆ. ಅಳತೆ ಕಡಿಮೆಯಾದರೆ ರೋಗ ವಾಸಿಯಾಗದು. ಹೆಚ್ಚಾದರೆ ಜೀವಕ್ಕೇ ಕುತ್ತು. ಆದ್ದರಿಂದ ಗಂಡ ಹೆಂಡತಿ ಇಬ್ಬರೂ ಈ ಪಾಠವನ್ನು ಜೊತೆಯಾಗಿ ಓದಬೇಕು. ಓದು ಬಾರದವರಿಗೆ ಬಲ್ಲವರು ಓದಿ ಹೇಳಬೇಕು.

1. ಕೊಡುವ ಮುನ್ನ ಐದು ಪ್ರಶ್ನೆಗಳು

ಔಷಧಿಯ ಬಾಟಲಿಯನ್ನಾಗಲಿ ಗುಳಿಗೆಯನ್ನಾಗಲಿ ಕೈಗೆತ್ತಿಕೊಂಡಾಗ ಈ ಐದು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ: ಇದು ಯಾರಿಗೆ ಕೊಟ್ಟ ಔಷಧಿ? ಇದು ಯಾವ ಔಷಧಿ? ಎಷ್ಟು ಕೊಡಬೇಕು? ಯಾವಾಗ ಕೊಡಬೇಕು? ಹೇಗೆ ಕೊಡಬೇಕು, ಅಂದರೆ ಬಾಯಿಗೋ, ಕಣ್ಣಿಗೋ, ಕಿವಿಗೋ, ಚರ್ಮಕ್ಕೋ?

ಅಕ್ಕನ ಮಗುವಿಗೆ ಗುಣವಾದ ಔಷಧಿ ತಂಗಿಯ ಮಗುವಿಗೂ ಗುಣವಾಗುವುದೆಂದು ತಿಳಿಯಬಾರದು. ಮೇಲುನೋಟಕ್ಕೆ ರೋಗ ಒಂದೇ ಎಂದು ಕಂಡರೂ ಕಾರಣ ಬೇರೆ, ಮಗುವಿನ ತೂಕ ಬೇರೆ. ಕಿವಿಯ ಹನಿಯನ್ನು ಎಂದಿಗೂ ಕಣ್ಣಿಗೆ ಹಾಕಬಾರದು.

ಔಷಧಿ ಪಡೆಯುವಾಗಲೇ ಪೊಟ್ಟಣದ ಮೇಲೆ ಗುರುತು ಹಾಕಿಸಿಕೊಳ್ಳಿರಿ. ಬೆಳಿಗ್ಗೆಗೆ ಉದಯಿಸುವ ಸೂರ್ಯ, ಮಧ್ಯಾಹ್ನಕ್ಕೆ ಪೂರ್ಣ ಸೂರ್ಯ, ರಾತ್ರಿಗೆ ಚಂದ್ರ ಎಂದು ಬರೆಸಿಕೊಂಡರೆ ಅಕ್ಷರ ಬಾರದ ಅತ್ತೆಯವರೂ ತಪ್ಪದೆ ಔಷಧಿ ಕೊಡಬಲ್ಲರು. ಪತಿಯು ಗಣಿಯ ಪಾಳಿಗೆ ಹೋಗಿ, ಪತ್ನಿಯು ಕೂಲಿಗೆ ಹೋದ ಮನೆಯಲ್ಲಿ, ಅಜ್ಜಿ ಒಮ್ಮೆ ಕೊಟ್ಟ ಔಷಧಿಯನ್ನು ತಾಯಿ ಬಂದು ಮತ್ತೊಮ್ಮೆ ಕೊಡುವ ಸಂಭವವುಂಟು. ಇದನ್ನು ತಪ್ಪಿಸಲು, ಕೊಟ್ಟ ಪ್ರತಿ ಸಲವೂ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಇದ್ದರೆ ಕೊಟ್ಟಾಗಿದೆ, ಇಲ್ಲದಿದ್ದರೆ ಕೊಟ್ಟಿಲ್ಲ.

2. ಅಡಿಗೆಮನೆಯ ಚಮಚ ಅಳತೆಯಲ್ಲ

ಮನೆಯ ಚಮಚಗಳು ಒಂದರಂತೆ ಒಂದಿಲ್ಲ. ವೈದ್ಯರು "ಒಂದು ಚಮಚ" ಎಂದರೆ 5 ಮಿಲಿಲೀಟರ್ ಎಂದರ್ಥ. ಬಾಟಲಿಯ ಜೊತೆಗೆ ಬರುವ ಗೆರೆಯುಳ್ಳ ಮುಚ್ಚಳ, ಚಮಚ ಅಥವಾ ಹನಿ ನಳಿಕೆಯಲ್ಲಿ ಮಾತ್ರವೇ ಅಳೆಯಿರಿ. ಅದನ್ನು ಸಮನಾಗಿ ಹಿಡಿದು, ಕಣ್ಣಿನ ಮಟ್ಟಕ್ಕೆ ತಂದು ಗೆರೆಯನ್ನು ನೋಡಿರಿ.

ಜ್ವರದ ಔಷಧಿಯಾದ ಪ್ಯಾರಾಸಿಟಮಾಲ್ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಕೈಗೂಸಿಗೆ ಕೊಡುವ ಹನಿ ಔಷಧಿಯ 1 ಮಿಲಿಲೀಟರಿನಲ್ಲಿ ಸಾಮಾನ್ಯವಾಗಿ 100 ಮಿಲಿಗ್ರಾಂ ಔಷಧಿ ಇರುತ್ತದೆ. ದೊಡ್ಡ ಮಕ್ಕಳ ಸಿರಪ್ಪಿನಲ್ಲಾದರೋ 5 ಮಿಲಿಲೀಟರಿಗೆ 125 ಮಿಲಿಗ್ರಾಂ, ಎಂದರೆ 1 ಮಿಲಿಲೀಟರಿಗೆ 25 ಮಿಲಿಗ್ರಾಂ ಮಾತ್ರ. ಹನಿ ಔಷಧಿಯು ಸಿರಪ್ಪಿಗಿಂತ ನಾಲ್ಕು ಪಟ್ಟು ತೀಕ್ಷ್ಣವಾದದ್ದು. 10 ಕಿಲೋ ತೂಕದ ಮಗುವಿಗೆ ಒಂದು ಸಲಕ್ಕೆ 150 ಮಿಲಿಗ್ರಾಂ, ಅಂದರೆ ಈ ಸಿರಪ್ಪಿನಲ್ಲಿ 6 ಮಿಲಿಲೀಟರ್ ಹೇಳಿದ್ದಾರೆಂದು ತಿಳಿಯಿರಿ. ತಾಯಿಯು ಮನೆಯಲ್ಲಿ ಉಳಿದಿದ್ದ ಹನಿ ಔಷಧಿಯನ್ನೇ 6 ಮಿಲಿಲೀಟರ್ ಕುಡಿಸಿದರೆ ಮಗುವಿನ ಹೊಟ್ಟೆಗೆ 600 ಮಿಲಿಗ್ರಾಂ ಸೇರುತ್ತದೆ. ಹೀಗೆ ಮತ್ತೆ ಮತ್ತೆ ಕೊಟ್ಟರೆ ಯಕೃತ್ತು ಕೆಡುತ್ತದೆ. 5 ಮಿಲಿಲೀಟರಿಗೆ 250 ಮಿಲಿಗ್ರಾಂ ಇರುವ ಸಿರಪ್ಪುಗಳೂ ಇವೆ. ಆದ್ದರಿಂದ ಬಾಟಲಿ ಬದಲಾದರೆ ಅಳತೆಯನ್ನು ಪುನಃ ಕೇಳಿ ತಿಳಿಯತಕ್ಕದ್ದು.

ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ಪನ್ನು ಕೊಡಲೇಕೂಡದು. ದೊಡ್ಡ ಮಕ್ಕಳಿಗೂ ವೈದ್ಯರನ್ನು ಕೇಳದೆ ಕೊಡಬಾರದು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡ ಜಿಲ್ಲೆಯಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದ ಹಲವು ಪುಟ್ಟ ಮಕ್ಕಳು ಮೂತ್ರಪಿಂಡ ಕೆಟ್ಟು ಮೃತಪಟ್ಟರು. ಬಹುತೇಕ ನೆಗಡಿ ಕೆಮ್ಮು ತಾನಾಗಿಯೇ ವಾಸಿಯಾಗತಕ್ಕದ್ದು.

3. ಪುಡಿಯ ಔಷಧಿಯನ್ನು ಕಲಸುವ ವಿಧಾನ

ಕೆಲವು ಔಷಧಿಗಳು ಬಾಟಲಿಯಲ್ಲಿ ಒಣಪುಡಿಯ ರೂಪದಲ್ಲಿರುತ್ತವೆ. ಮೊದಲು ಕೈಗಳನ್ನು ಸಾಬೂನಿನಿಂದ ತೊಳೆಯಿರಿ. ಬಾಟಲಿಯನ್ನು ತಟ್ಟಿ ಪುಡಿಯನ್ನು ಸಡಿಲಗೊಳಿಸಿರಿ. ಕುದಿಸಿ ಪೂರ್ತಿ ಆರಿಸಿದ ನೀರನ್ನು ಗುರುತಿನ ಅರ್ಧದಷ್ಟು ಹಾಕಿ ಚೆನ್ನಾಗಿ ಅಲುಗಿಸಿರಿ. ನೊರೆ ಇಳಿದ ಮೇಲೆ ಗುರುತಿನವರೆಗೆ ನೀರು ತುಂಬಿ ಮತ್ತೆ ಅಲುಗಿಸಿರಿ. ಬಿಸಿನೀರು, ಹಾಲು, ಚಹಾ ಇವುಗಳಲ್ಲಿ ಕಲಸಬಾರದು.

ಕೊಡುವಾಗಲೂ ಪ್ರತಿ ಸಲ ಬಾಟಲಿಯನ್ನು ಅಲುಗಿಸಬೇಕು. ಇಲ್ಲವಾದರೆ ಮೊದಲ ದಿನ ಬರೀ ನೀರು, ಕೊನೆಯ ದಿನ ಬರೀ ಔಷಧಿ ಮಗುವಿಗೆ ಹೋಗುತ್ತದೆ. ಕಲಸಿದ ತಾರೀಖನ್ನು ಬಾಟಲಿಯ ಮೇಲೆ ಬರೆಯಿರಿ. ಅಮಾಕ್ಸಿಸಿಲಿನ್‌ನಂತಹ ಔಷಧಿಯನ್ನು ಸಾಮಾನ್ಯವಾಗಿ 7 ದಿನಗಳ ನಂತರ ಚೆಲ್ಲಬೇಕು. ಜ್ವರ ಬಿಟ್ಟಿತೆಂದು ಎರಡನೆಯ ದಿನಕ್ಕೇ ಔಷಧಿ ನಿಲ್ಲಿಸುವುದು ತಪ್ಪು. ಹೇಳಿದಷ್ಟು ದಿನ ಪೂರ್ತಿಯಾಗಿ ಕೊಡಬೇಕು.

ಔಷಧಿ ಕುಡಿಸುವಾಗ ಮಗುವನ್ನು ತೊಡೆಯ ಮೇಲೆ ತಲೆ ಎತ್ತರವಾಗಿರುವಂತೆ ಕೂರಿಸಿಕೊಂಡು, ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಿರಿ. ಮಲಗಿಸಿ, ಮೂಗು ಹಿಡಿದು ಬಾಯಿಗೆ ಸುರಿದರೆ ಔಷಧಿಯು ಶ್ವಾಸಕೋಶಕ್ಕೆ ಇಳಿದೀತು.

4. ಓಆರ್‌ಎಸ್: ತಾಯಿಯೇ ತಯಾರಿಸುವ ಜೀವಜಲ

1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡುವ ಲವಣಜಲ ಸಾಲದಾಯಿತು. ಆಗ ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು, ಅಡಿಗೆ ಸೋಡ, ಗ್ಲೂಕೋಸುಗಳನ್ನು ಸರಿಯಾದ ಪ್ರಮಾಣದಲ್ಲಿ ನೀರಿಗೆ ಬೆರೆಸಿ ಕುಡಿಸುವ ಕ್ರಮವನ್ನು ಅನುಸರಿಸಿದರು. ಕುಡಿಸಿದವರಲ್ಲಿ ಬಹುಮಂದಿ ರೋಗಿಗಳ ಮನೆಯವರೇ. ನೂರರಲ್ಲಿ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಸರಿಯಾದ ಅಳತೆ ತಿಳಿದ ತಾಯಿತಂದೆಯರ ಕೈ ಎಷ್ಟು ಬಲವಾದದ್ದೆಂಬುದಕ್ಕೆ ಇದೇ ಸಾಕ್ಷಿ.

ಸರ್ಕಾರಿ ಆಸ್ಪತ್ರೆಯಲ್ಲಿ ದೊರೆಯುವ ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ 1 ಲೀಟರ್ ಶುದ್ಧ ನೀರಿಗೆ ಹಾಕಬೇಕು. ಅರ್ಧ ಪೊಟ್ಟಣವನ್ನು ಅಂದಾಜಿನಿಂದ ಒಂದು ಲೋಟಕ್ಕೆ ಹಾಕಬಾರದು. ನೀರು ಕಡಿಮೆಯಾದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ. ನೀರು ಹೆಚ್ಚಾದರೆ ಗುಣವಿಲ್ಲ. ಅಂಗಡಿಯ ಚಿಕ್ಕ ಪೊಟ್ಟಣಗಳಿಗೆ ನೀರಿನ ಅಳತೆ ಬೇರೆಯಿರುತ್ತದೆ. ಮೇಲೆ ಬರೆದುದನ್ನು ಓದಿಸಿಕೊಳ್ಳಿರಿ. ಸಕ್ಕರೆ, ಉಪ್ಪು, ಹಣ್ಣಿನ ರಸಗಳನ್ನು ಸೇರಿಸಬೇಡಿರಿ. ಒಮ್ಮೆ ಕಲಸಿದ್ದನ್ನು 24 ಗಂಟೆಯೊಳಗೆ ಬಳಸಿ, ಉಳಿದದ್ದನ್ನು ಚೆಲ್ಲಿರಿ.

ಪ್ರತಿ ಭೇದಿಯ ನಂತರ, ಎರಡು ವರ್ಷದೊಳಗಿನ ಮಗುವಿಗೆ ಕಾಲಿನಿಂದ ಅರ್ಧ ಲೋಟ, ಅದಕ್ಕಿಂತ ದೊಡ್ಡ ಮಗುವಿಗೆ ಅರ್ಧದಿಂದ ಒಂದು ಲೋಟ ಕುಡಿಸಿರಿ. ವಾಂತಿಯಾದರೆ 10 ನಿಮಿಷ ತಡೆದು, ಚಮಚ ಚಮಚವಾಗಿ ಮುಂದುವರಿಸಿರಿ. ಎದೆಹಾಲು ನಿಲ್ಲಿಸಬೇಡಿರಿ. ಜೊತೆಗೆ ಸತುವಿನ ಗುಳಿಗೆ, ಅಂದರೆ ಜಿಂಕ್, 14 ದಿನ ಕೊಡಬೇಕು. 20 ಮಿಲಿಗ್ರಾಂ ಗುಳಿಗೆಯಾದರೆ 2ರಿಂದ 6 ತಿಂಗಳ ಕೂಸಿಗೆ ಅರ್ಧ, ಅದಕ್ಕೆ ಮೇಲ್ಪಟ್ಟು 5 ವರ್ಷದವರೆಗೆ ಒಂದು. ಅರ್ಧ ಗುಳಿಗೆಯನ್ನು ಎದೆಹಾಲಿನಲ್ಲಿಯೂ, ದೊಡ್ಡ ಮಕ್ಕಳದನ್ನು ಶುದ್ಧ ನೀರಿನಲ್ಲಿಯೂ ಕರಗಿಸಬಹುದು. ಭೇದಿ ನಿಂತರೂ 14 ದಿನ ಪೂರೈಸಬೇಕು.

5. ಗರ್ಭಿಣಿಯ ಗುಳಿಗೆ, ಅಂತರದ ಗುಳಿಗೆ

ಗರ್ಭಿಣಿಯು ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ಕಬ್ಬಿಣದ ಗುಳಿಗೆ ನುಂಗಬೇಕು. ಇದನ್ನು ಚಹಾದೊಂದಿಗಾಗಲಿ, ಕ್ಯಾಲ್ಸಿಯಂ ಗುಳಿಗೆಯೊಂದಿಗಾಗಲಿ ತೆಗೆದುಕೊಳ್ಳಬಾರದು. ಮಲ ಕಪ್ಪಾದರೆ ಹೆದರಬೇಕಾಗಿಲ್ಲ. ಆದರೆ ಈ ಕೆಂಪು ಗುಳಿಗೆಗಳನ್ನು ಮಿಠಾಯಿಯೆಂದು ಮಕ್ಕಳು ಹಲವನ್ನು ನುಂಗಿದರೆ ಪ್ರಾಣಾಪಾಯವುಂಟು.

ಎರಡು ಮಕ್ಕಳ ನಡುವೆ ಅಂತರ ಬಯಸುವ ತಾಯಂದಿರಿಗೆ ಸರ್ಕಾರವು ಗುಳಿಗೆಗಳನ್ನು ಉಚಿತವಾಗಿ ನೀಡುತ್ತದೆ. ಮಾಲಾ-ಎನ್ ಪಟ್ಟಿಯಲ್ಲಿ 28 ಗುಳಿಗೆಗಳಿವೆ. 21 ಗರ್ಭನಿರೋಧಕ, 7 ಕಬ್ಬಿಣದವು. ದಿನಕ್ಕೊಂದು, ಒಂದೇ ವೇಳೆಗೆ, ರಾತ್ರಿ ಊಟದ ನಂತರ ನುಂಗುವ ಅಭ್ಯಾಸ ಒಳ್ಳೆಯದು. ಒಂದು ಮರೆತರೆ ನೆನಪಾದೊಡನೆ ನುಂಗಿ, ಮುಂದಿನದನ್ನು ಎಂದಿನ ವೇಳೆಗೇ ನುಂಗಿರಿ. ಎರಡು ಅಥವಾ ಹೆಚ್ಚು ಮರೆತರೆ ಪತಿಯು ಏಳು ದಿನ ನಿರೋಧ್ ಬಳಸಬೇಕು ಮತ್ತು ಆರೋಗ್ಯ ಸಹಾಯಕಿಯನ್ನು ಕಾಣಬೇಕು. 6 ತಿಂಗಳೊಳಗಿನ ಕೂಸಿಗೆ ಹಾಲೂಡಿಸುವ ತಾಯಿ ಇದನ್ನು ಬಳಸಬಾರದು.

ಛಾಯಾ ಗುಳಿಗೆಯಲ್ಲಿ ಹಾರ್ಮೋನು ಇಲ್ಲ. ಹಾಲೂಡಿಸುವ ತಾಯಿಗೂ ಆಗುತ್ತದೆ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ನಾಲ್ಕನೆಯ ತಿಂಗಳಿನಿಂದ ವಾರಕ್ಕೆ ಒಂದು. ಮಾಲಾ-ಎನ್ ನಂತೆ ಇದನ್ನು ದಿನವೂ ನುಂಗಬಾರದು. ಅದನ್ನು ಇದರಂತೆ ವಾರಕ್ಕೊಮ್ಮೆ ನುಂಗಿದರೆ ಗರ್ಭ ನಿಲ್ಲುತ್ತದೆ. ವಾರವನ್ನು ನೆನಪಿಡುವ ಹೊಣೆಯನ್ನು ಪತಿಯೂ ಹೊರಲಿ. ಮೂರು ತಿಂಗಳಿಗೊಮ್ಮೆ ಹಾಕುವ ಅಂತರಾ ಚುಚ್ಚುಮದ್ದಿನ ಮುಂದಿನ ತಾರೀಖನ್ನು ಕಾರ್ಡಿನಲ್ಲಿ ಬರೆಸಿಕೊಳ್ಳಿರಿ. ಚುಚ್ಚಿದ ಜಾಗವನ್ನು ತಿಕ್ಕಬೇಡಿರಿ.

6. ಚುಚ್ಚುಮದ್ದು

ಗುಳಿಗೆಯಿಂದ ವಾಸಿಯಾಗುವ ರೋಗಕ್ಕೆ ಚುಚ್ಚುಮದ್ದನ್ನೇ ಬೇಡಬಾರದು. ಊರೂರು ತಿರುಗುತ್ತ ಸೂಜಿ ಹಾಕುವವರಿಂದ ಹಾಕಿಸಿಕೊಳ್ಳಬಾರದು. ಒಬ್ಬರಿಗೆ ಬಳಸಿದ ಸೂಜಿ ಇನ್ನೊಬ್ಬರಿಗೆ ಕಾಮಾಲೆ, ಎಚ್‌ಐವಿ ಸೋಂಕುಗಳನ್ನು ತರಬಲ್ಲದು. ನಿಮ್ಮೆದುರಿಗೇ ಹೊಸ ಪೊಟ್ಟಣ ಒಡೆಯುವಂತೆ ಕೇಳುವುದು ನಿಮ್ಮ ಹಕ್ಕು. ಅದರಿಂದ ಯಾರಿಗೂ ಅಗೌರವವಿಲ್ಲ.

7. ಔಷಧಿ ಇಡುವ ಸ್ಥಳ

ನಮ್ಮ ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗಿನ ಗೂಡು ಒಲೆಯಂತೆ ಕಾಯುತ್ತದೆ. ಔಷಧಿಯನ್ನು ಅಲ್ಲಿ, ಒಲೆಯ ಹತ್ತಿರ, ಕಿಟಕಿಯ ಬಿಸಿಲಿನಲ್ಲಿ ಇಡಬಾರದು. ತಂಪಾದ, ಒಣಗಿದ, ಮಕ್ಕಳ ಕೈಗೆಟುಕದ ಎತ್ತರದಲ್ಲಿ, ಮುಚ್ಚಳವುಳ್ಳ ಡಬ್ಬಿಯಲ್ಲಿಡಿರಿ.

ಕಂಪ್ಲಿ, ಹೊಸಪೇಟೆಯ ಕಾಲುವೆ ಭಾಗದಲ್ಲಿ ಭತ್ತ, ಕಬ್ಬು, ಬಾಳೆ ಬೆಳೆಯುವ ಮನೆಗಳಲ್ಲಿ ಕೀಟನಾಶಕದ ಡಬ್ಬಿಗಳಿರುತ್ತವೆ. ಔಷಧಿಯ ಖಾಲಿ ಬಾಟಲಿಗೆ ಕೀಟನಾಶಕ ತುಂಬುವುದು, ಅದನ್ನು ಅಳೆದ ಮುಚ್ಚಳದಲ್ಲಿ ಮಗುವಿಗೆ ಔಷಧಿ ಅಳೆಯುವುದು, ಎರಡೂ ಸಾವಿಗೆ ದಾರಿ. ಅವನ್ನು ವಾಸದ ಮನೆಯ ಹೊರಗೆ, ಬೀಗ ಹಾಕಿ ಇಡತಕ್ಕದ್ದು. ಅವಧಿ ಮೀರಿದ, ಬಣ್ಣ ಕೆಟ್ಟ, ಹೆಸರು ಅಳಿಸಿಹೋದ ಔಷಧಿಯನ್ನು ಬಳಸಬಾರದು.

8. ಅಪಾಯದ ಚಿಹ್ನೆಗಳು

ಔಷಧಿ ಕೊಟ್ಟ ಮೇಲೆ ಮೈಯೆಲ್ಲ ದದ್ದು, ಮುಖ ತುಟಿಗಳ ಬಾವು, ಉಸಿರಾಟದ ತೊಂದರೆ, ಎಚ್ಚರ ತಪ್ಪುವಿಕೆ ಕಂಡರೆ ಔಷಧಿ ನಿಲ್ಲಿಸಿ ಕೂಡಲೇ 108ಕ್ಕೆ ಕರೆ ಮಾಡಿರಿ. ಮಗು ಔಷಧಿಯನ್ನೋ ವಿಷವನ್ನೋ ನುಂಗಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿರಿ. ಬಾಟಲಿಯನ್ನು ಜೊತೆಗೆ ತೆಗೆದುಕೊಂಡು ಆಸ್ಪತ್ರೆಗೆ ಧಾವಿಸಿರಿ.

ನೆನಪಿಡಿರಿ

● ಔಷಧಿ ಕೊಡುವ ಮುನ್ನ ಕೈ ತೊಳೆಯಿರಿ, ಹೆಸರು ನೋಡಿರಿ, ಅಳೆಯಿರಿ.
● ಬಾಟಲಿ ಬದಲಾದರೆ ಅಳತೆಯನ್ನು ಮತ್ತೆ ಕೇಳಿರಿ.
● ಕೊಟ್ಟೊಡನೆ ಗೆರೆ ಎಳೆಯಿರಿ.
● ಒಬ್ಬರ ಔಷಧಿ ಇನ್ನೊಬ್ಬರಿಗೆ ಬೇಡ.
● ಸಂದೇಹ ಬಂದರೆ ಆಶಾ ಕಾರ್ಯಕರ್ತೆಯನ್ನೋ ಉಪಕೇಂದ್ರದ ಆರೋಗ್ಯ ಸಹಾಯಕಿಯನ್ನೋ ಕೇಳಿರಿ. ಕೇಳುವುದರಲ್ಲಿ ನಾಚಿಕೆಯಿಲ್ಲ.

ಬಿತ್ತುವ ಬೀಜವನ್ನು ಅಳೆದು ಬಿತ್ತುವ ರೈತನಿಗೆ ಅಳತೆಯ ಬೆಲೆ ಹೊಸದಾಗಿ ಕಲಿಸಬೇಕಾದುದಿಲ್ಲ. ಅದೇ ಎಚ್ಚರವನ್ನು ಔಷಧಿಯಲ್ಲಿಯೂ ತೋರಿದರೆ, ಸರ್ಕಾರವು ನೀಡುವ ಔಷಧಿಯು ನಿಮ್ಮ ಮಕ್ಕಳ ಪಾಲಿಗೆ ಸಾರ್ಥಕವಾಗುತ್ತದೆ.