ಕೈಪಿಡಿಗಳು ಭಿನ್ನವಾಗಿ ನುಡಿದಾಗ

ಲಿನಕ್ಸ್ ವ್ಯವಸ್ಥೆಯ ಒಂದೊಂದು ಭಾಗವನ್ನೂ ಮೂಲಸಂಕೇತದಿಂದ ನಾವೇ ಕಂಪೈಲ್ ಮಾಡಿ ಕಟ್ಟಿದರೆ ಅದರ ಒಳರಚನೆ ಚೆನ್ನಾಗಿ ತಿಳಿಯುತ್ತದೆ. ಇದಕ್ಕೆ ದಾರಿ ತೋರಲೆಂದು ಗೆರಾರ್ಡ್ ಬೀಕ್‌ಮನ್ಸ್ ಎಂಬವರು 1999ರಲ್ಲಿ ‘ಲಿನಕ್ಸ್ ಫ್ರಮ್ ಸ್ಕ್ರಾಚ್’ ಎಂಬ ಪುಸ್ತಕವನ್ನು ಆರಂಭಿಸಿದರು. ಆದರೆ ಈ ಕಾರ್ಯಕ್ಕೆ ತೊಡಗಿದವರಿಗೆ ಬೇಗನೆ ಒಂದು ತೊಡಕು ಎದುರಾಗುತ್ತದೆ. ಒಂದು ಕೈಪಿಡಿ ಮಾಡೆಂದುದನ್ನು ಇನ್ನೊಂದು ಕೂಡದೆನ್ನುತ್ತದೆ. ಯಾವುದನ್ನು ನಂಬಬೇಕು?

ಒಂದು ನಿದರ್ಶನವನ್ನು ಪರಿಶೀಲಿಸೋಣ. ವ್ಯವಸ್ಥೆಯ ತಿರುಳಾದ ಕರ್ನಲ್ಲಿಗೂ ಇತರ ಪ್ರೋಗ್ರಾಮುಗಳಿಗೂ ನಡುವಣ ಒಪ್ಪಂದವನ್ನು ತಿಳಿಸುವ ಕಡತಗಳಿಗೆ ಹೆಡರ್‌ಗಳೆಂದು ಹೆಸರು. ವ್ಯವಸ್ಥೆಯ ಹೆಡರ್ ಕೋಶಗಳನ್ನು ಕರ್ನಲ್ಲಿನ ಮೂಲಸಂಕೇತಕ್ಕೇ ಕೊಂಡಿ ಹಾಕಿರೆಂದು 1996ರ ಲಿನಕ್ಸ್ 2.0ರ ‘ರೀಡ್‌ಮಿ’ ಪತ್ರ ವಿಧಿಸಿತ್ತು. 2000ದಲ್ಲಿ ಲಿನಸ್ ಟೋರ್ವಾಲ್ಡ್ಸ್ ಅವರೇ ಈ ಪದ್ಧತಿಯನ್ನು ಕಟುವಾಗಿ ಆಕ್ಷೇಪಿಸಿದರು. ಆ ಹೆಡರ್‌ಗಳು ಸಿ ಲೈಬ್ರರಿಗೆ ಹೊಂದಿಕೆಯಾಗಿರಬೇಕೆಂದು ಅನಂತರದ ‘ರೀಡ್‌ಮಿ’ ಹೇಳಿತು.

ಇದಕ್ಕೆ ಕಾರಣವುಂಟು. ಗ್ಲಿಬ್‌ಸಿ ಎಂಬ ಸಿ ಲೈಬ್ರರಿಯನ್ನು ಕಂಪೈಲ್ ಮಾಡಿದಾಗ ಅಂದಿನ ಹೆಡರ್‌ಗಳಲ್ಲಿದ್ದ ಅಳತೆಗಳು ಅದರೊಳಗೆ ಅಚ್ಚೊತ್ತಿದಂತೆ ಉಳಿಯುತ್ತವೆ. ಹೊಸ ಕರ್ನಲ್ಲಿನಲ್ಲಿ ಒಂದು ದತ್ತಾಂಶ ರಚನೆಯು 12 ಬೈಟುಗಳಿಂದ 16ಕ್ಕೆ ಬೆಳೆಯಿತೆನ್ನೋಣ. ಹೊಸ ಹೆಡರ್ ನೋಡಿ ಕಂಪೈಲಾದ ಪ್ರೋಗ್ರಾಮು 16ರ ಲೆಕ್ಕದಲ್ಲಿ ಕೊಡುತ್ತದೆ. ಲೈಬ್ರರಿಯು 12ರ ಲೆಕ್ಕದಲ್ಲಿ ಓದುತ್ತದೆ. ಕಂಪೈಲರು ಯಾವ ದೋಷವನ್ನೂ ತೋರಿಸದಿರಬಹುದು. ಪ್ರೋಗ್ರಾಮು ನಡೆಯುವಾಗ ಕೇಡು ತಲೆದೋರುತ್ತದೆ. 2006ರ 2.6.18 ಆವೃತ್ತಿಯಲ್ಲಿ, ಪ್ರೋಗ್ರಾಮುಗಳಿಗೆ ತಕ್ಕ ಹೆಡರ್‌ಗಳನ್ನು ಶೋಧಿಸಿ ಕೊಡುವ ಆದೇಶವೇ ಕರ್ನಲ್ಲಿನೊಡನೆ ಬಂದಿತು.

ಹಾಗಾದರೆ ಹಳೆಯ ಪತ್ರ ಸುಳ್ಳೇ? ಅಲ್ಲ, ಅದು ತನ್ನ ಕಾಲದ ಲೈಬ್ರರಿಯನ್ನು ಉದ್ದೇಶಿಸಿತ್ತು. ಬೆಂಗಳೂರಿನ ಬನಶಂಕರಿಯಿಂದ ಮೆಜೆಸ್ಟಿಕ್ಕಿಗೆ ಬಸ್ಸನ್ನಷ್ಟೇ ಸೂಚಿಸುವ 2016ರ ಕೈಪಿಡಿ ಅಂದಿಗೆ ಸರಿ. 2017ರ ಜೂನಿನಲ್ಲಿ ಅಲ್ಲಿಗೆ ಮೆಟ್ರೋ ಬಂದ ಮೇಲೆ ಅದು ಸಾಲದು.

ಕೆಲವೊಮ್ಮೆ ಕಾಲ ಒಂದೇ ಆದರೂ ಉದ್ದೇಶ ಬೇರೆ. ಜಿಸಿಸಿ ಕಂಪೈಲರನ್ನು ಸಾಮಾನ್ಯವಾಗಿ ಮೂರು ಹಂತಗಳಲ್ಲಿ ಕಟ್ಟಿ, ಕೊನೆಯ ಎರಡನ್ನು ಹೋಲಿಸಬೇಕೆಂದು ಅದರ ಕೈಪಿಡಿಯ ಕ್ರಮ. ‘ಲಿನಕ್ಸ್ ಫ್ರಮ್ ಸ್ಕ್ರಾಚ್’ ತನ್ನ ಅಂತಿಮ ಜಿಸಿಸಿಗೆ ಇದನ್ನು ಕೈಬಿಡಿಸುತ್ತದೆ. ಓದುಗನ ಬಳಿ ಯಾವ ಹಳೆಯ ಕಂಪೈಲರು ಇದೆಯೋ ಜಿಸಿಸಿಯ ಲೇಖಕರು ಅರಿಯರು. ಪುಸ್ತಕವಾದರೋ ಹಿಂದಿನ ಅಧ್ಯಾಯಗಳಲ್ಲಿಯೇ ಹೊಸ ಕಂಪೈಲರನ್ನು ಕಟ್ಟಿಸಿರುತ್ತದೆ.

ಆದುದರಿಂದ ಕೈಪಿಡಿಗಳು ಭಿನ್ನವಾಗಿ ನುಡಿದಾಗ ಮೂರು ಪ್ರಶ್ನೆಗಳನ್ನು ಕೇಳೋಣ: ಇದು ಯಾವ ಆವೃತ್ತಿಗೆ ಬರೆದುದು? ಯಾರಿಗಾಗಿ ಬರೆದುದು? ಈ ವಿಧಿಗೆ ಕಾರಣವೇನು? ಕಾರಣವನ್ನು ಅರಿತವನಿಗೆ ಮುಂದೆ ಆವೃತ್ತಿ ಬದಲಾದರೂ ದಾರಿ ತಪ್ಪದು.