ಚಕ್ಕುಲಿ ಮಾರಿದ್ದು ಇಂದು, ದುಡ್ಡು ಬರುವುದು ಎಂದು?

ಕಟಪಾಡಿಯ ಮನೆಯ ಹಿತ್ತಿಲಿಗೆ ಶೀಟು ಹೊದಿಸಿ ಚಕ್ಕುಲಿ, ತುಕ್ಕುಡಿ, ಬಾಳೆಕಾಯಿ ಚಿಪ್ಸ್ ಕರಿದು ಮಾರತೊಡಗಿ ಕೆಲವು ವರ್ಷಗಳಾದವು. ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಅಂಗಡಿಗಳಿಗೆ ನಮ್ಮ ಮಾಲು ಹೋಗುತ್ತದೆ. ಸ್ವಂತದ್ದೇನಾದರೂ ಶುರು ಮಾಡಬೇಕು ಎಂದು ಬಂದು ಕೂರುವವರು ನನ್ನಲ್ಲಿ ಸಾಮಾನ್ಯವಾಗಿ ಕೇಳುವುದು ಎರಡು ಪ್ರಶ್ನೆ: ಯಾವ ಐಟಂ ಓಡುತ್ತದೆ, ಎಷ್ಟು ಮಾರ್ಜಿನ್ ಸಿಗುತ್ತದೆ. ದುಡ್ಡು ಯಾವಾಗ ಕೈಗೆ ಬರುತ್ತದೆ ಎಂದು ಕೇಳಿದವರು ಅಪರೂಪ. ನಾನು ಕಂಡಂತೆ ಹೊಸ ವ್ಯಾಪಾರ ನಿಲ್ಲುವುದೋ ಮಲಗುವುದೋ ತೀರ್ಮಾನವಾಗುವುದು ಆ ಕೇಳದ ಪ್ರಶ್ನೆಯಲ್ಲೇ.

ಕಾರ್ಕಳದ ಪೇಟೆಯಲ್ಲಿ ಒಂದು ಹಳೆಯ ಜೀನಸಿ ಅಂಗಡಿ ಇದೆ. ಮಾಲು ಇಳಿಸುವ ಮೊದಲೇ ಅಲ್ಲಿನ ಹಿರಿಯರು ಗಲ್ಲಾಪೆಟ್ಟಿಗೆಗೆ ಕೈ ಹಾಕುತ್ತಾರೆ. “ಅಕ್ಕಾ, ಹಳೇ ಬಿಲ್ಲಿಂದು ತಗೊಳ್ಳಿ, ಆಮೇಲೆ ಹೊಸ ಪ್ಯಾಕೆಟ್ ಇಡಿ.” ವ್ಯಾಪಾರದವರು ಇದನ್ನು ಬಿಲ್ ಟು ಬಿಲ್ ಎನ್ನುತ್ತಾರೆ. ಹೋದ ವಾರದ್ದು ಚುಕ್ತಾ ಆದ ಮೇಲೆ ಈ ವಾರದ್ದು. ಅದೇ ಮಾಲನ್ನು ಒಂದು ದೊಡ್ಡ ಸೂಪರ್ ಮಾರ್ಕೆಟ್ ಕಮಿಷನ್ ಬಗ್ಗೆ ಚೌಕಾಸಿಯೇ ಇಲ್ಲದೆ ತೆಗೆದುಕೊಳ್ಳುತ್ತಿತ್ತು. ನೋಡುವುದಕ್ಕೆ ದೊಡ್ಡ ಆರ್ಡರ್, ಹೇಳಿಕೊಳ್ಳುವುದಕ್ಕೆ ದೊಡ್ಡ ಹೆಸರು. ಆದರೆ ದುಡ್ಡು ಎರಡು ತಿಂಗಳಿಗೊಮ್ಮೆ. ಅದರಲ್ಲೂ ತಾರೀಖು ಮೀರಿದ ಪ್ಯಾಕೆಟ್‌ಗಳನ್ನು ರಿಟರ್ನ್ ಎಂದು ಕಳೆದು ಉಳಿದದ್ದು ಮಾತ್ರ.

ಎರಡಕ್ಕೂ ಇರುವ ಅಂತರವನ್ನು ಒಂದು ಲೆಕ್ಕದಲ್ಲಿ ನೋಡಿ. ದಿನಕ್ಕೆ 4,000 ರೂಪಾಯಿಯ ಮಾಲು ಹೋಗುತ್ತದೆ, ಅದಕ್ಕೆ ಬೀಳುವ ಖರ್ಚು 3,200 ಎಂದಿಟ್ಟುಕೊಳ್ಳಿ. ವಾರಕ್ಕೊಮ್ಮೆ ದುಡ್ಡು ಬಂದರೆ ಹೊರಗೆ ಸಿಕ್ಕಿಬಿದ್ದಿರುವ ನಮ್ಮ ಹಣ 22,400. ಅರುವತ್ತು ದಿನಕ್ಕೊಮ್ಮೆ ಬಂದರೆ 1,92,000. ದಿನದ ಲಾಭ ಎರಡರಲ್ಲೂ ಅದೇ 800. ಆ ಒಂದು ಲಕ್ಷ ತೊಂಬತ್ತೆರಡು ಸಾವಿರವನ್ನು ತಿಂಗಳಿಗೆ ನೂರಕ್ಕೆ ಎರಡರ ಕೈಬಡ್ಡಿಯಲ್ಲಿ ತಂದಿದ್ದರೆ 3,840 ರೂಪಾಯಿ ಬಡ್ಡಿಗೇ ಹೋಯಿತು. ಮಾರ್ಜಿನ್ ಎಷ್ಟು ಎಂದು ಕೇಳಿದವರಿಗೆ ಈ ಸಂಗತಿ ಕಾಣುವುದೇ ಇಲ್ಲ. ಇತ್ತ ಎಣ್ಣೆಯವನಿಗೆ ನಮ್ಮ ಬಾಕಿಯ ಕತೆ ಬೇಡ. 2025ರಲ್ಲಿ ತೆಂಗಿನೆಣ್ಣೆಯ ದರ ಕಂಡಾಬಟ್ಟೆ ಏರಿದಾಗ ಡಬ್ಬ ಇಳಿಸಿದ ಕೂಡಲೇ ಅವನಿಗೆ ನಗದು ಎಣಿಸಬೇಕಾಗಿತ್ತು.

ದುಡ್ಡು ದಿನದಿನ ಕೈಗೆ ಬರುವುದರ ಬೆಲೆ ನಮ್ಮ ಊರಿನ ಹಳಬರಿಗೆ ಚೆನ್ನಾಗಿ ಗೊತ್ತಿತ್ತು ಎಂಬುದಕ್ಕೆ ಇಲ್ಲಿನ ಬ್ಯಾಂಕುಗಳೇ ಸಾಕ್ಷಿ. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಕಟ್ಟಿದ ಬ್ಯಾಂಕಿನ ಆರಂಭದ ಬಂಡವಾಳ 5,000 ರೂಪಾಯಿ. ಮೊದಲ ದಿನ ಸೇರಿದ್ದು 38 ರೂಪಾಯಿ 13 ಆಣೆ 2 ಪೈ. ಅದೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ 8,000 ರೂಪಾಯಿಯಲ್ಲಿ ಶುರು ಮಾಡಿದ ಇನ್ನೊಂದು ಸಂಸ್ಥೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಕೈಮಗ್ಗದ ನೇಕಾರರಿಗೆ ಆಸರೆಯಾಗಲೆಂದು ಹುಟ್ಟಿದ ಬ್ಯಾಂಕದು. 1928ರಲ್ಲಿ ಅವರು ಪಿಗ್ಮಿ ಎಂಬ ದಿನದ ಉಳಿತಾಯ ತಂದರು. ಏಜೆಂಟ್ ಮನೆ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯಾದರೂ ಸರಿ, ತೆಗೆದುಕೊಂಡು ಹೋಗುತ್ತಿದ್ದ. 2020ರ ಏಪ್ರಿಲ್ 1ರಂದು ಎರಡೂ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಪಿಗ್ಮಿಯಂತೂ ನಮ್ಮ ಸೊಸೈಟಿಗಳಲ್ಲಿ ಇಂದಿಗೂ ಇದೆ.

ಬಡ್ಡಿಯ ಲೆಕ್ಕದಲ್ಲಿ ಪಿಗ್ಮಿ ಅಂಥ ದೊಡ್ಡ ಲಾಭದ್ದೇನಲ್ಲ. ಆದರೂ ಬಿಟ್ಟಿಲ್ಲ. ಸಂಜೆ ಏಜೆಂಟ್ ಬರುವ ಹೊತ್ತಿಗೆ ಆ ದಿನ ನಿಜಕ್ಕೂ ಕೈಗೆ ಬಂದದ್ದೆಷ್ಟು ಎಂದು ಎಣಿಸಲೇಬೇಕಾಗುತ್ತದೆ. “ಇವತ್ತು ಕಡಿಮೆಯಾ ಅಕ್ಕ?” ಎಂದು ಅವನು ಸುಮ್ಮನೆ ಕೇಳಿದರೂ ಸಾಕು, ಯಾವ ಅಂಗಡಿಯಿಂದ ಬರಬೇಕಾದದ್ದು ಬಂದಿಲ್ಲ ಎಂದು ನಾನು ಪುಸ್ತಕ ತೆಗೆಯುತ್ತೇನೆ. ಸೊಸೈಟಿಯಲ್ಲಿ ಸಾಲ ಕೇಳುವಾಗಲೂ ಆ ಪಾಸ್‌ಬುಕ್ಕೇ ನಮ್ಮ ಪರವಾಗಿ ಮಾತಾಡುತ್ತದೆ.

ಯುಪಿಐ ಬಂದ ಮೇಲೆ ಹಲವರಲ್ಲಿ ಈ ಎಣಿಕೆ ತಪ್ಪಿದೆ. ಮಗಳ ಕಾಲೇಜು ಫೀಸು, ಚಿಕ್ಕಮ್ಮ ಕಳಿಸಿದ ಕೈಗಡ, ಚಿಪ್ಸಿನ ದುಡ್ಡು ಎಲ್ಲ ಒಂದೇ ಖಾತೆಯಲ್ಲಿ. 2025ರ ಜುಲೈಯಲ್ಲಿ ಯುಪಿಐ ಜಮೆಗಳನ್ನು ನೋಡಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತಲ್ಲ, ಆಗ ಹಲವರಿಗೆ ವ್ಯಾಪಾರದ್ದು ಯಾವುದು, ಮನೆಯದು ಯಾವುದು ಎಂದು ಬಿಡಿಸಿ ತೋರಿಸುವುದೇ ತಲೆಬಿಸಿಯಾಯಿತು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ. 40 ಲಕ್ಷವೆಂದರೆ ದಿನಕ್ಕೆ ಸುಮಾರು 11,000 ರೂಪಾಯಿ, ಓಡುವ ಬೇಕರಿಗೆ ದೊಡ್ಡ ಮೊತ್ತವೇನಲ್ಲ. ಕ್ಯೂಆರ್ ಕೋಡಿಗೆ ಬೇರೆ ಖಾತೆ ಮಾಡಿಸಿಕೊಂಡರೆ ಆ ರಗಳೆ ಅರ್ಧ ಕಡಿಮೆ.

ಇನ್ನು ಸೀಸನ್. ಮಣಿಪಾಲದಲ್ಲಿ ಪರೀಕ್ಷೆ ಮುಗಿದು ಹುಡುಗರು ಊರಿಗೆ ಹೊರಟರೆಂದರೆ ಟೈಗರ್ ಸರ್ಕಲ್ಲಿನ ಅಂಗಡಿಯವರು ಫೋನ್ ಎತ್ತಿದ ಕೂಡಲೇ “ಈ ವಾರ ಬೇಡ” ಎನ್ನುತ್ತಾರೆ. ಅವರ ಅಂಗಡಿ ಬಾಡಿಗೆಗೆ ಮಾತ್ರ ರಜೆ ಇಲ್ಲ. ಮಳೆ ಹಿಡಿದರೆ ಕಾಪು ಬೀಚಿನ ಅಂಗಡಿಗಳು ತಣ್ಣಗಾಗುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಯೂ ನಿಂತು ಮಲ್ಪೆಯಿಂದ ಪೇಟೆಗೆ ಬರುವ ದುಡ್ಡೇ ಕಡಿಮೆಯಾಗುತ್ತದೆ. ಜನವರಿಯ ಅತ್ತೂರು ಜಾತ್ರೆಯ ಹೊತ್ತಿಗೆ ಕಾರ್ಕಳದಲ್ಲಿ ಎಷ್ಟು ಕರಿದರೂ ಸಾಲದು. ಈ ಏರಿಳಿತದಲ್ಲಿ ಬದುಕುವುದನ್ನು ಶಂಕರಪುರದ ಮಲ್ಲಿಗೆ ಬೆಳೆಗಾರ್ತಿಯರಿಂದ ಕಲಿಯಬೇಕು. ಅಲ್ಲಿ ಅಟ್ಟೆಯ ದರ ದಿನ ದಿನವೂ ನಿಗದಿಯಾಗುತ್ತದೆ. ಅಟ್ಟೆಗೆ ನಾಲ್ಕು ಚೆಂಡು, ಚೆಂಡಿಗೆ 800 ಹೂವು. ಮದುವೆಯ ಕಾಲದಲ್ಲಿ ಗಗನಕ್ಕೇರಿದ ದರ ಮಳೆಗಾಲದ ಆಟಿ ತಿಂಗಳಲ್ಲಿ ನೆಲಕ್ಕೆ ಬೀಳುತ್ತದೆ. ನನಗೆ ಪರಿಚಯದ ಒಬ್ಬ ಬೆಳೆಗಾರ್ತಿ ಮನೆಖರ್ಚನ್ನು ಆಟಿಯ ದರಕ್ಕೆ ಹೊಂದಿಸಿಕೊಂಡಿದ್ದಾರೆ. ಮೇಲೆ ಬಂದದ್ದೆಲ್ಲ ಸೊಸೈಟಿಗೆ.

ದೊಡ್ಡ ಗಿರಾಕಿ ಬೇಡವೇ ಬೇಡ ಎನ್ನುತ್ತಿಲ್ಲ. ಆದರೆ ಅವರಿಗೆ ಮಾಲು ಕೊಡುವ ಮೊದಲು ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ; ಅದು ಉಚಿತ, ಯಾವ ದಲ್ಲಾಳಿಗೂ ದುಡ್ಡು ಕೊಡಬೇಕಾಗಿಲ್ಲ. ಅದು ಕೈಯಲ್ಲಿದ್ದರೆ 2006ರ ಎಂಎಸ್‌ಎಂಇ ಕಾನೂನು ನಮ್ಮ ಬೆನ್ನಿಗಿದೆ: ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನ, ಇದ್ದರೂ 45 ದಿನದೊಳಗೆ ಪಾವತಿಯಾಗಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಮೊಕದ್ದಮೆ ಹೂಡಿ ಗಿರಾಕಿಯನ್ನು ಉಳಿಸಿಕೊಳ್ಳುವುದು ಕಷ್ಟ, ಹಾಗಾಗಿ ನಾನು ಆ ನಿಯಮವನ್ನು ಬಿಲ್ಲಿನ ಅಡಿಯಲ್ಲಿ ಅಚ್ಚು ಹಾಕಿಸಿದ್ದೇನೆ. ಅವಧಿ ಮೀರಿಸಿದರೆ ಆ ವರ್ಷ ಆದಾಯ ತೆರಿಗೆಯಲ್ಲಿ ಆ ಖರ್ಚು ತೋರಿಸಲಾಗದು ಎಂಬ ನಿಯಮ 2023-24ರ ಲೆಕ್ಕದಿಂದ ಬಂದಿರುವುದರಿಂದ, ಕೊಳ್ಳುವವರ ಅಕೌಂಟೆಂಟರೇ ಈಗ ಅದನ್ನು ಓದುತ್ತಾರೆ.

ಮೊನ್ನೆ ಶಿರ್ವದ ಇಬ್ಬರು ಅಕ್ಕತಂಗಿಯರು ಹಪ್ಪಳದ ವ್ಯಾಪಾರಕ್ಕೆ ಮುದ್ರಾ ಸಾಲ ಎಷ್ಟು ತೆಗೆಯಲಿ ಎಂದು ಕೇಳಿದರು. ಮೊದಲು ಅಂಗಡಿಗಳಿಗೆ ಹೋಗಿ ಯಾರು ಎಷ್ಟು ದಿನಕ್ಕೆ ಕೊಡುತ್ತಾರೆ ಎಂದು ಬರೆದುಕೊಂಡು ಬನ್ನಿ ಎಂದೆ. ಮೇಲಿನ ಲೆಕ್ಕದಷ್ಟೇ ವ್ಯಾಪಾರವಾದರೆ, ಬಿಲ್ ಟು ಬಿಲ್‌ನವರಿಗೆ 50,000ದೊಳಗಿನ ಶಿಶು ಸಾಲದಲ್ಲೇ ದುಡ್ಡು ಮಿಗುತ್ತದೆ. ಎರಡು ತಿಂಗಳು ಕಾಯಿಸುವವರಿಗಾದರೆ ಅದಕ್ಕಿಂತ ಮೇಲಿನ ಕಿಶೋರ ಸಾಲಕ್ಕೇ ಅರ್ಜಿ ಹಾಕಬೇಕು.